ಬಚ್ಚಲೊಲೆಯ ಬಿಸಿಯಿಂದ ವಿದ್ಯುತ್: ಹೀಟ್ ಪೈಪ್ ಜನರೇಟರ್ ಕಟ್ಟುವ ಕ್ರಮ

ಒಲೆಯ ತಗಡು ಮುಟ್ಟಲಾಗದಷ್ಟು ಕಾದಿದೆ. ಬಿಸಿಯಿಂದ ವಿದ್ಯುತ್ ಹುಟ್ಟಿಸುವ ಚಪ್ಪಟೆ ಬಿಲ್ಲೆ, ಅಂದರೆ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್, ಅಂಟಿಸಿದ್ದಾಗಿದೆ. ಎಲ್‌ಇಡಿ ಮೊದಲು ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ, ಎರಡು ಮೂರು ನಿಮಿಷಕ್ಕೆ ಮಂಕಾಗಿ ಆರಿಹೋಗುತ್ತದೆ. ಸೌದೆ ಇನ್ನಷ್ಟು ತುಂಬಿದರೆ ಮಾಡ್ಯೂಲೇ ಸತ್ತುಹೋಗುತ್ತದೆ. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಹೆಚ್ಚಿನವರ ಕಥೆ ಇದೇ, ಕಾರಣವೂ ಒಂದೇ: ಎಲ್ಲರೂ ಬೆಂಕಿಯ ಕಡೆಯಿಂದ ಕಟ್ಟಲು ಶುರುಮಾಡುತ್ತಾರೆ. ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್ ಕೆಲಸ ಮಾಡುವುದು ತನ್ನ ಎರಡು ಮೈಗಳ ನಡುವೆ ತಾಪದ ಅಂತರ ಇರುವಷ್ಟು ಹೊತ್ತು ಮಾತ್ರ. ಹಿಂಬದಿಯಿಂದ ಶಾಖ ಹೊರಹೋಗದಿದ್ದರೆ ಎರಡೂ ಮೈ ಸಮನಾಗಿ ಕಾಯುತ್ತವೆ, ಅಲ್ಲಿಗೆ ವಿದ್ಯುತ್ ಮುಗಿಯಿತು.

ಹಾಗಾಗಿ ಇಲ್ಲಿ ಕ್ರಮ ತಿರುಗಿಸಿದ್ದೇನೆ. ಮೊದಲು ತಂಪು ಮೈ, ಆಮೇಲೆ ಮಾಡ್ಯೂಲ್, ಒಲೆಗೆ ಜೋಡಿಸುವುದು ಕೊನೆಗೆ. ಉದಾಹರಣೆಗೆ ಮಲೆನಾಡಿನ ಬಚ್ಚಲೊಲೆಯನ್ನು ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಸೋಲಾರ್ ಹಲಗೆಗೂ ಬಿಸಿಲಿರುವುದಿಲ್ಲ, ಹಂಡೆಯಡಿ ಬೆಂಕಿ ಮಾತ್ರ ತಪ್ಪದೆ ಉರಿಯುತ್ತದೆ. ಅಡಿಕೆ ಬೇಯಿಸುವ ಒಲೆಗೂ ಇದೇ ವಿಧಾನ ನಡೆಯುತ್ತದೆ.

## ಮೊದಲು ಲೆಕ್ಕ

ನಾಲ್ಕು ಸೆಂಟಿಮೀಟರ್ ಚೌಕದ ಒಂದು ಒಳ್ಳೆಯ ಮಾಡ್ಯೂಲಿನಿಂದ, ಎರಡು ಮೈಗಳ ನಡುವೆ 100 ಡಿಗ್ರಿ ಸೆಲ್ಸಿಯಸ್ ಅಂತರ ಉಳಿಸಿಕೊಂಡರೆ, ಸುಮಾರು 2 ವ್ಯಾಟ್ ನಿರೀಕ್ಷಿಸಬಹುದು. ಎರಡು ಎಲ್‌ಇಡಿ ಬಲ್ಬು, ಇಲ್ಲವೇ ನಿಧಾನವಾಗಿ ಒಂದು ಮೊಬೈಲ್ ಚಾರ್ಜ್. ಮಿಕ್ಸರ್ ಓಡಿಸುವ ಆಸೆ ಇದ್ದರೆ ಇಲ್ಲೇ ನಿಲ್ಲಿಸಿ.

ಮಾಡ್ಯೂಲಿನ ಮೂಲಕ ಹರಿದ ಶಾಖದಲ್ಲಿ ಶೇಕಡ 3ರಿಂದ 4 ಭಾಗವಷ್ಟೇ ವಿದ್ಯುತ್ ಆಗುತ್ತದೆ. 2 ವ್ಯಾಟ್ ಬೇಕೆಂದರೆ 50ರಿಂದ 67 ವ್ಯಾಟ್ ಶಾಖ ಹಾಯಬೇಕು, ಉಳಿದದ್ದನ್ನೆಲ್ಲ ಹಿಂಬದಿಯಿಂದ ಗಾಳಿಗೆ ಚೆಲ್ಲಬೇಕು. ಹೀಟ್ ಪೈಪ್ ಬೇಕಾಗುವುದು ಇದಕ್ಕೇ. ಮುಚ್ಚಿದ ತಾಮ್ರದ ಕೊಳವೆ, ಒಳಗೆ ಗಾಳಿ ತೆಗೆದು ಹಾಕಿದ ಸ್ವಲ್ಪ ನೀರು, ಗೋಡೆಗೆ ಹೀರುಪದರ. ಬಿಸಿ ತುದಿಯಲ್ಲಿ ನೀರು ಆವಿಯಾಗಿ, ತಂಪು ತುದಿಯಲ್ಲಿ ಹನಿಯಾಗಿ, ಪದರದ ಮೂಲಕ ವಾಪಸು ಬರುತ್ತದೆ. ಅಷ್ಟೇ ದಪ್ಪದ ಗಟ್ಟಿ ತಾಮ್ರದ ಸರಳಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ.

ಲೆಕ್ಕದಲ್ಲಿ ಎಲ್ಲರೂ ಮೋಸಹೋಗುವ ಜಾಗ ಒಂದಿದೆ. ಎಸ್‌ಪಿ1848-27145 ಮಾಡ್ಯೂಲಿನ ಜಾಹೀರಾತಿನಲ್ಲಿ 100 ಡಿಗ್ರಿ ಅಂತರಕ್ಕೆ 4.8 ವೋಲ್ಟ್, 669 ಮಿಲಿಆಂಪ್ ಎಂದು ಬರೆದಿರುತ್ತಾರೆ. ಗುಣಿಸಿದರೆ 3.2 ವ್ಯಾಟ್ ಬರುತ್ತದೆ ಎಂದು ಖುಷಿಪಡಬೇಡಿ. ವೋಲ್ಟೇಜ್ ಅಳೆದದ್ದು ತಂತಿ ತೆರೆದಿಟ್ಟು, ಕರೆಂಟ್ ಅಳೆದದ್ದು ತಂತಿಗಳನ್ನು ಒಂದಕ್ಕೊಂದು ಕೂಡಿಸಿ. ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ನಿಜವಾಗಿ ಸಿಗುವ ಗರಿಷ್ಠ ಆ ಗುಣಲಬ್ಧದ ಕಾಲು ಭಾಗ, ಅಂದರೆ 0.8 ವ್ಯಾಟ್.

## ಬೇಕಾಗುವ ಸಾಮಾನು

ಕಂಪ್ಯೂಟರ್ ಪ್ರೊಸೆಸರಿಗೆ ಹಾಕುವ ಟವರ್ ಮಾದರಿಯ ಕೂಲರ್, 6 ಮಿಲಿಮೀಟರಿನ ನಾಲ್ಕು ಹೀಟ್ ಪೈಪ್ ಇರುವಂಥದ್ದು. ಹಳೆಯದಾದರೂ ಸರಿ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿ. ಜೊತೆಗೆ 5 ವೋಲ್ಟಿನ ಫ್ಯಾನ್. 12 ವೋಲ್ಟಿನದು ಇಲ್ಲಿ ತಿರುಗಲು ತಿಣುಕುತ್ತದೆ.

10ರಿಂದ 12 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಲಗೆ, ಲೇತ್ ಅಂಗಡಿಯಲ್ಲಿ ಒಂದು ಮೈ ಸಪಾಟು ಮಾಡಿಸಿದ್ದು. 4 ಮಿಲಿಮೀಟರಿನ ನಾಲ್ಕು ಸ್ಟೇನ್‌ಲೆಸ್ ಬೋಲ್ಟು, ಬಟ್ಟಲಿನಾಕಾರದ ಸ್ಪ್ರಿಂಗ್ ವಾಷರು, ಕೂಲರಿನ ಬುಡದ ಮೇಲೆ ಅಡ್ಡ ಕೂರುವ ಎರಡು ಉಕ್ಕಿನ ಪಟ್ಟಿ. ಥರ್ಮಲ್ ಗ್ರೀಸ್, ತೆಳು ಗ್ರಾಫೈಟ್ ಹಾಳೆ, ಬಿಸಿ ತಡೆಯುವ ಸೆರಾಮಿಕ್ ಉಣ್ಣೆ.

ಅಳತೆಗೆ ಮಲ್ಟಿಮೀಟರ್ ಮತ್ತು ಎರಡು ಥರ್ಮೋಕಪಲ್ (ತಾಪ ಅಳೆಯುವ ತಂತಿ) ಜೋಡಿಸಬಹುದಾದ ಮೀಟರ್. ಈ ಎರಡನೆಯದರಲ್ಲಿ ಹಣ ಉಳಿಸಲು ಹೋಗಬೇಡಿ. ಹೊಳೆಯುವ ಲೋಹದ ಮೇಲೆ ಬಂದೂಕಿನಾಕಾರದ ಇನ್ಫ್ರಾರೆಡ್ ಥರ್ಮಾಮೀಟರ್ ನಿಜಕ್ಕಿಂತ ತೀರ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಮಾಡ್ಯೂಲ್ ಸುಟ್ಟುಕೊಂಡವರು ಬಹಳ.

## ಯಾವ ಪೈಪು ಎಷ್ಟು ಬಿಸಿಗೆ

ತಾಮ್ರ-ನೀರಿನ ಪೈಪನ್ನು ನೇರ ಜ್ವಾಲೆಗೆ ಒಡ್ಡುವುದು ಈ ಇಡೀ ಕೆಲಸದಲ್ಲಿ ಅತಿ ಅಪಾಯದ ತಪ್ಪು. ಒಳಗಿನ ನೀರಿನ ಆವಿಯೊತ್ತಡ 200 ಡಿಗ್ರಿಯಲ್ಲಿ ವಾತಾವರಣದ ಸುಮಾರು 15 ಪಟ್ಟು, 250ರಲ್ಲಿ 40 ಪಟ್ಟು, 300ರಲ್ಲಿ 85 ಪಟ್ಟಿನ ಹತ್ತಿರ. ತೆಳು ತಾಮ್ರ ಇದನ್ನು ತಡೆಯುವುದಿಲ್ಲ, ಸಿಡಿಯುತ್ತದೆ. ನಮ್ಮ ಜೋಡಣೆಯಲ್ಲಿ ಪೈಪು ಯಾವತ್ತೂ ತಂಪು ಮೈಯಲ್ಲೇ, 100 ಡಿಗ್ರಿಯ ಒಳಗೇ ಇರಬೇಕು.

ಬೆಂಕಿಯೊಳಗಿನಿಂದಲೇ ಶಾಖ ಎಳೆಯುವ ಪೈಪುಗಳೂ ಇವೆ, ಅವುಗಳ ಒಳಗಿರುವುದು ಪೊಟ್ಯಾಸಿಯಂ, ಸೋಡಿಯಂ, ಲಿಥಿಯಂ. ಸೋಡಿಯಂ ಪೈಪು ಸರಿಯಾಗಿ ಕೆಲಸ ಮಾಡುವುದು ಸುಮಾರು 600 ಡಿಗ್ರಿ ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಅದರ ಆವಿ ತೀರ ವಿರಳ. 2018ರಲ್ಲಿ ನಾಸಾದ ಕಿಲೋಪವರ್ ಪರೀಕ್ಷೆಯಲ್ಲಿ, ನೆವಾಡಾದಲ್ಲಿ, ಸಣ್ಣ ಪರಮಾಣು ರಿಯಾಕ್ಟರಿನ ಶಾಖ ಹೊರತಂದದ್ದು ಎಂಟು ಸೋಡಿಯಂ ಹೀಟ್ ಪೈಪುಗಳೇ. ಆದರೆ ಸೋಡಿಯಂಗೆ ನೀರು ತಗುಲಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಹತ್ತುತ್ತದೆ. ಬಚ್ಚಲಮನೆಯಲ್ಲಿ ಅದರ ಮಾತೇ ಬೇಡ. ವಿಡಿಯೊ ನೋಡಿ ಪೈಪನ್ನು ಮನೆಯಲ್ಲೇ ಮಾಡಲು ಹೊರಡುವವರಿಗೆ ಇನ್ನೊಂದು ಮಾತು: ಅಲ್ಯೂಮಿನಿಯಂ ಕೊಳವೆಗೆ ನೀರು ತುಂಬಬೇಡಿ. ಎರಡೂ ವರ್ತಿಸಿ ಹೈಡ್ರೋಜನ್ ಬಿಡುಗಡೆಯಾಗುತ್ತದೆ, ಆ ಅನಿಲ ಮೇಲ್ತುದಿಯಲ್ಲಿ ಸೇರಿಕೊಂಡು ಪೈಪು ಬೇಗನೆ ನಿರುಪಯೋಗಿಯಾಗುತ್ತದೆ.

## ಹಂತ 1: ಒಲೆಯ ತಾಪ ಬರೆದಿಟ್ಟುಕೊಳ್ಳಿ

ಏನನ್ನೂ ಕೊಳ್ಳುವ ಮೊದಲು ಒಲೆ ಹಚ್ಚಿ, ಜೋಡಿಸಬೇಕೆಂದಿರುವ ಜಾಗಕ್ಕೆ ಥರ್ಮೋಕಪಲ್ ಕಟ್ಟಿ, ಐದೈದು ನಿಮಿಷಕ್ಕೊಮ್ಮೆ ಅಂಕಿ ಬರೆಯಿರಿ. ಹಂಡೆಯ ನೀರು ಕಾಯುವವರೆಗೂ ಬರೆಯಬೇಕು. ಒಣ ಸೌದೆಗೂ ಮಳೆಗಾಲದ ಹಸಿ ಸೌದೆಗೂ ಬಹಳ ವ್ಯತ್ಯಾಸ ಬರುತ್ತದೆ. ಅಡಿಕೆ ಸಿಪ್ಪೆ ಹಾಕಿದರೆ ಒಮ್ಮೆಲೇ ಏರಿ ಇಳಿಯುತ್ತದೆ. ನಿಮಗೆ ಬೇಕಾದದ್ದು ಗರಿಷ್ಠ ಅಂಕಿ, ಸರಾಸರಿ ಅಲ್ಲ.

ಒಲೆಬಾಯಿಯ ಮೇಲಿನ ಕಬ್ಬಿಣದ ಹಲಗೆ ಅಥವಾ ಹೊಗೆಕೊಳವೆಯ ಬುಡ ಸಾಮಾನ್ಯವಾಗಿ ಅನುಕೂಲ. 200ರಿಂದ 250 ಡಿಗ್ರಿಗೆ ನಿಲ್ಲುವ ಜಾಗ ಸಿಕ್ಕರೆ ಅದೇ ನಿಮ್ಮ ಜಾಗ. ಹೆಚ್ಚು ಬಿಸಿಯ ಜಾಗ ಹುಡುಕುವುದು ಲಾಭವಲ್ಲ.

## ಹಂತ 2: ಕೂಲರಿನ ಪೈಪುಗಳು ಜೀವಂತ ಇವೆಯೇ ನೋಡಿ

ಹಳೆಯ ಕೂಲರಿನಲ್ಲಿ ಒಂದೆರಡು ಪೈಪು ಸತ್ತಿರುವುದು ಸಾಮಾನ್ಯ. ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟು ಒಳಗೆ ಗಾಳಿ ಸೇರಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಫ್ಯಾನ್ ಬಿಚ್ಚಿ, ಬುಡವನ್ನು ಮಾತ್ರ 80 ಡಿಗ್ರಿಯ ಬಿಸಿನೀರಿನಲ್ಲಿ ಅದ್ದಿ, ಪೈಪುಗಳ ಮೇಲ್ತುದಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ. ಜೀವಂತ ಪೈಪಿನ ತುದಿ ಕೆಲವೇ ಸೆಕೆಂಡಿನಲ್ಲಿ ಚುರುಕ್ ಎನ್ನುತ್ತದೆ. ಪಕ್ಕದ್ದು ಕಾದರೂ ಒಂದು ತಣ್ಣಗೇ ಉಳಿದರೆ ಅದು ಹೋಗಿದೆ. ನಾಲ್ಕರಲ್ಲಿ ಒಂದು ಹೋಗಿದ್ದರೆ ನಡೆಸಬಹುದು, ಎರಡು ಹೋಗಿದ್ದರೆ ಬೇರೆ ಕೂಲರ್ ನೋಡಿ.

ಬುಡವನ್ನೂ ಗಮನಿಸಿ. ಅಗ್ಗದ ಕೂಲರುಗಳಲ್ಲಿ ಪೈಪುಗಳನ್ನೇ ಚಪ್ಪಟೆ ಮಾಡಿ ಅಲ್ಯೂಮಿನಿಯಂ ನಡುವೆ ಕೂರಿಸಿರುತ್ತಾರೆ, ಪೈಪಿಗೂ ಲೋಹಕ್ಕೂ ನಡುವೆ ಸಣ್ಣ ಗೀರುಗಾಲುವೆ ಉಳಿದಿರುತ್ತದೆ. ಉಗುರು ಓಡಿಸಿದರೆ ಸಿಕ್ಕಿಕೊಳ್ಳುತ್ತದೆ. ಇದರ ಮೇಲೆ ನೇರವಾಗಿ ಮಾಡ್ಯೂಲ್ ಇಟ್ಟು ಬಿಗಿದರೆ ಮಾಡ್ಯೂಲಿನ ಸೆರಾಮಿಕ್ ಮೈ ಬಿರಿಯುವ ಸಾಧ್ಯತೆ ಹೆಚ್ಚು. ನಡುವೆ 3 ಮಿಲಿಮೀಟರ್ ತಾಮ್ರದ ತಗಡು ಹಾಕಿ.

ಪೈಪನ್ನು ಕತ್ತರಿಸಬೇಡಿ, ಬಗ್ಗಿಸಲು ಹೋಗಬೇಡಿ. ಜೋಡಿಸುವಾಗ ಕೂಲರಿನ ತೆಳು ತಗಡಿನ ರೆಕ್ಕೆಗಳು ಬುಡಕ್ಕಿಂತ ಮೇಲಿರಲಿ ಅಥವಾ ಸಮಮಟ್ಟದಲ್ಲಿರಲಿ. ರೆಕ್ಕೆಗಳು ಕೆಳಗೆ ನೇತಾಡಿದರೆ ನೀರು ವಾಪಸು ಹತ್ತಲು ಕಷ್ಟಪಟ್ಟು ಬಿಸಿ ತುದಿ ಬತ್ತಿಹೋಗುತ್ತದೆ.

## ಹಂತ 3: ಮಾಡ್ಯೂಲ್ ಆರಿಸಿ

ಎಲ್ಲೆಡೆ ಅಗ್ಗಕ್ಕೆ ಸಿಗುವ ಟಿಇಸಿ1-12706 ತಂಪು ಮಾಡಲು ಮಾಡಿದ್ದು. ಇಂಥವುಗಳ ಒಳಬೆಸುಗೆ ಸಾಮಾನ್ಯವಾಗಿ 138 ಡಿಗ್ರಿಗೇ ಕರಗುತ್ತದೆ. ಒಲೆಯ ಮೇಲೆ ಅದು ಉಳಿಯುವುದಿಲ್ಲ. ಎಸ್‌ಪಿ1848ನ್ನು ಜನರೇಟರ್ ಎಂದೇ ಮಾರುತ್ತಾರೆ, ಆದರೆ ಅದರ ಮಿತಿಯೂ 150 ಡಿಗ್ರಿ. ಬಿಸಿ ಮೈಗೆ 300 ಡಿಗ್ರಿಯವರೆಗೆ ತಡೆಯುತ್ತದೆಂದು ದಾಖಲೆ ಇರುವ ಜನರೇಟರ್ ಮಾಡ್ಯೂಲನ್ನೇ ಕೊಳ್ಳಿ. ಬೆಲೆ ಹಲವು ಪಟ್ಟು ಹೆಚ್ಚು, ನಿಜ. ಆದರೆ ಅಗ್ಗದ್ದನ್ನು ಮೂರು ಬಾರಿ ಸುಟ್ಟರೂ ಅಷ್ಟೇ ಆಗುತ್ತದೆ.

ಬಂದ ಕೂಡಲೇ ಪರೀಕ್ಷಿಸಿ. ಒಂದು ಮೈ ಮೇಜಿಗೆ, ಇನ್ನೊಂದಕ್ಕೆ ಅಂಗೈ. ಮೀಟರಿನಲ್ಲಿ ಮಿಲಿವೋಲ್ಟುಗಳು ಏರಬೇಕು. ಒಳರೋಧ ಅಳೆಯುವಾಗ ಒಂದು ತೊಡಕಿದೆ: ಕೈಯ ಬಿಸಿಗೇ ಮಾಡ್ಯೂಲ್ ವೋಲ್ಟೇಜ್ ಹುಟ್ಟಿಸುವುದರಿಂದ ಓಮ್ ಅಂಕಿ ಸುಳ್ಳಾಗುತ್ತದೆ. ತಂತಿಗಳನ್ನು ಅದಲುಬದಲು ಮಾಡಿ ಎರಡು ಬಾರಿ ಅಳೆದು ಸರಾಸರಿ ತೆಗೆಯಿರಿ, ಮಾಡ್ಯೂಲಿನ ಮೇಲೇ ಪೆನ್ನಿನಿಂದ ಬರೆದಿಡಿ. ಮುಂದೆ ಈ ಅಂಕಿ ಹೆಚ್ಚುತ್ತ ಹೋದರೆ ಒಳಬೆಸುಗೆ ಬಿಡುತ್ತಿದೆ ಎಂದರ್ಥ.

## ಹಂತ 4: ಬಿಗಿಯುವುದು

ಗೆಲುವು ಸೋಲು ಹೆಚ್ಚಾಗಿ ತೀರ್ಮಾನವಾಗುವುದು ಇಲ್ಲಿ. ಕಣ್ಣಿಗೆ ಸಪಾಟಾಗಿ ಕಾಣುವ ಎರಡು ಲೋಹಗಳ ನಡುವೆಯೂ ಗಾಳಿ ಇರುತ್ತದೆ, ಗಾಳಿ ಶಾಖ ದಾಟಿಸುವುದಿಲ್ಲ. ಅಂಟು ಹಾಕಿ ಕೂರಿಸುವುದು, ಕೇಬಲ್ ಟೈ ಕಟ್ಟುವುದು, ಮೇಲೊಂದು ಕಲ್ಲಿಡುವುದು ಯಾವುದೂ ಸಾಲದು. ನಾಲ್ಕು ಸೆಂಟಿಮೀಟರ್ ಚೌಕದ ಮಾಡ್ಯೂಲಿಗೆ ಸುಮಾರು 200 ಕೆಜಿ ಭಾರ ಹೇರಿದಷ್ಟು ಒತ್ತಡ ಬೇಕು.

ಹೆದರಬೇಡಿ, 4 ಮಿಲಿಮೀಟರಿನ ನಾಲ್ಕು ಬೋಲ್ಟು ಹಂಚಿಕೊಂಡರೆ ಒಂದೊಂದಕ್ಕೆ 50 ಕೆಜಿ. ಸುಮಾರು 0.4 ನ್ಯೂಟನ್ ಮೀಟರ್ ತಿರುಚುಬಲ ಸಾಕು, ಅಂದರೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಮಣಿಕಟ್ಟಿನಿಂದ ಗಟ್ಟಿಯಾಗಿ ತಿರುಗಿಸಿದಷ್ಟು. ಉದ್ದ ಪಾನಾ ಹಿಡಿದರೆ ಮಾಡ್ಯೂಲ್ ಪುಡಿಯಾಗುತ್ತದೆ.

ಕ್ರಮ ಹೀಗಿರಲಿ. ಅಲ್ಯೂಮಿನಿಯಂ ಹಲಗೆಯ ಪಕ್ಕದಿಂದ ನಡುವಿನವರೆಗೆ 2 ಮಿಲಿಮೀಟರ್ ರಂಧ್ರ ಕೊರೆದು ಒಂದು ಥರ್ಮೋಕಪಲ್ ತೂರಿಸಿ. ಹಲಗೆಯ ಮೇಲೆ ಮಾಡ್ಯೂಲಿನಷ್ಟೇ ಅಳತೆಯ ಗ್ರಾಫೈಟ್ ಹಾಳೆ. ಮಾಮೂಲು ಗ್ರೀಸ್ ಬಿಸಿ ಮೈಯಲ್ಲಿ ಕೆಲವೇ ದಿನಕ್ಕೆ ಒಣಗಿ ಪುಡಿಯಾಗುತ್ತದೆ, ಅಲ್ಲಿ ಬೇಡ. ಅದರ ಮೇಲೆ ಮಾಡ್ಯೂಲ್. ತಂಪು ಮೈಗೆ ಅಕ್ಕಿಕಾಳಿನ ಎರಡರಷ್ಟು ಗ್ರೀಸ್, ತೆಳ್ಳಗೆ ಹರಡಿ. ಮೇಲೆ ಕೂಲರ್, ಬುಡದ ಅಂಚಿನಲ್ಲಿ ಎರಡನೇ ಥರ್ಮೋಕಪಲ್, ಅಡ್ಡಪಟ್ಟಿ, ಸ್ಪ್ರಿಂಗ್ ವಾಷರು, ನಟ್ಟು. ಎದುರುಬದುರು ಮೂಲೆಗಳನ್ನು ಕಾಲುಕಾಲು ಸುತ್ತಿನಂತೆ ಬಿಗಿಯುತ್ತ ಬನ್ನಿ. ಒಂದೇ ಮೂಲೆಯನ್ನು ಮೊದಲು ಪೂರ್ತಿ ಬಿಗಿದರೆ ಎದುರು ಮೂಲೆ ಮೇಲೇಳುತ್ತದೆ, ಟಕ್ ಎಂದು ಸದ್ದು ಬಂದರೆ ಕೆಲಸ ಕೆಟ್ಟಿತು.

ಸ್ಪ್ರಿಂಗ್ ವಾಷರು ಬಿಟ್ಟರೆ ಏನಾಗುತ್ತದೆ? ಕಾದಾಗ ಹಲಗೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ನಾಲ್ಕಾರು ಸಲ ಹೀಗಾದ ಮೇಲೆ ಬಿಗಿ ಸಡಿಲವಾಗುತ್ತದೆ. ಮಾಡ್ಯೂಲಿನ ಸುತ್ತ ಉಳಿದ ಜಾಗಕ್ಕೆ ಸೆರಾಮಿಕ್ ಉಣ್ಣೆ ತುಂಬಿ, ಇಲ್ಲವಾದರೆ ಹಲಗೆಯ ಬಿಸಿ ನೇರವಾಗಿ ಕೂಲರಿನ ಬುಡಕ್ಕೆ ಬಡಿಯುತ್ತದೆ. ಉಣ್ಣೆ ಕತ್ತರಿಸುವಾಗ ಮಾಸ್ಕ್ ಹಾಕಿ. ಅದರ ಬದಲು ಹಳೆಯ ಕಲ್ನಾರಿನ ಶೀಟು ಒಡೆದು ಬಳಸುವುದು ಖಂಡಿತ ಬೇಡ.

## ಹಂತ 5: ಒಲೆಗೆ ಮೊದಲು ಕುದಿನೀರು

ಜೋಡಣೆ ಮುಗಿದ ಕೂಡಲೇ ಒಲೆಗೆ ಓಡಬೇಡಿ. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಅಲ್ಯೂಮಿನಿಯಂ ಹಲಗೆಯ ತಳ ಮಾತ್ರ ಮುಳುಗುವಂತೆ ಹಿಡಿದಿಡಿ. ಫ್ಯಾನನ್ನು ಹೊರಗಿನ ಪವರ್ ಬ್ಯಾಂಕಿನಿಂದ ಓಡಿಸಿ. ಕುದಿನೀರು 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಏನು ತಪ್ಪಿದ್ದರೂ ಇಲ್ಲಿ ನಷ್ಟವಿಲ್ಲದೆ ಗೊತ್ತಾಗುತ್ತದೆ.

ಈಗ ಒಂದು ಉಪಾಯ. ಒಳಗೆ 127 ಅರೆವಾಹಕ ಜೋಡಿಗಳಿರುವ ಮಾಡ್ಯೂಲ್ ತನ್ನ ಎರಡು ಮೈಗಳ ನಡುವಿನ ಪ್ರತಿ ಡಿಗ್ರಿಗೆ ಸುಮಾರು 0.05 ವೋಲ್ಟ್ ಕೊಡುತ್ತದೆ. ತಂತಿ ತೆರೆದಿಟ್ಟು ಅಳೆದ ವೋಲ್ಟೇಜನ್ನು 0.05ರಿಂದ ಭಾಗಿಸಿ: ಮಾಡ್ಯೂಲಿಗೆ ನಿಜವಾಗಿ ಸಿಗುತ್ತಿರುವ ಅಂತರ ಅದು. ಥರ್ಮೋಕಪಲ್‌ಗಳು ಹಲಗೆಗೂ ಕೂಲರಿಗೂ ನಡುವೆ 55 ಡಿಗ್ರಿ ತೋರಿಸುತ್ತಿವೆ, ಮೀಟರಿನಲ್ಲಿ 2.3 ವೋಲ್ಟ್ ಇದೆ ಎನ್ನಿ. ಮಾಡ್ಯೂಲಿನ ಪಾಲು 46 ಡಿಗ್ರಿ, ಕೂಡುಮೈಗಳಲ್ಲಿ ಕಳೆದದ್ದು 9. ಒಳ್ಳೆಯ ಜೋಡಣೆ. ಅದೇ 55 ಡಿಗ್ರಿಗೆ 1.2 ವೋಲ್ಟ್ ಬಂದರೆ ಅರ್ಧಕ್ಕಿಂತ ಹೆಚ್ಚು ಅಂತರ ಕೂಡುಮೈಗಳಲ್ಲೇ ಸೋರಿದೆ, ಹಂತ 4ಕ್ಕೆ ವಾಪಸು ಹೋಗಿ. ಬೆಂಕಿ ಹೆಚ್ಚಿಸಿದರೆ ಈ ರೋಗ ವಾಸಿಯಾಗುವುದಿಲ್ಲ.

ವೋಲ್ಟೇಜ್ ಏರಿ ನಿಂತು ಹಾಗೇ ಉಳಿಯಬೇಕು. ಹತ್ತು ನಿಮಿಷದಲ್ಲಿ ಮೆಲ್ಲಗೆ ಇಳಿಯುತ್ತಿದ್ದರೆ ಕೂಲರಿಗೆ ಶಾಖ ಚೆಲ್ಲಲು ಆಗುತ್ತಿಲ್ಲ. ವೋಲ್ಟೇಜ್ ಚಿಹ್ನೆ ಉಲ್ಟಾ ಬಂದರೆ ಗಾಬರಿ ಬೇಡ, ಮಾಡ್ಯೂಲ್ ಮಗುಚಿ ಕೂತಿದೆ ಅಷ್ಟೆ. ತಂತಿ ಅದಲುಬದಲು ಮಾಡಿದರೆ ವಿದ್ಯುತ್ತೇನೋ ಸರಿಹೋಗುತ್ತದೆ. ಆದರೆ ಕೆಲವು ಮಾಡ್ಯೂಲುಗಳಲ್ಲಿ ಬಿಸಿ ತಡೆಯುವ ಮೈ ಒಂದೇ ಇರುತ್ತದೆ, ಅಂಥದ್ದಾದರೆ ಬಿಚ್ಚಿ ತಿರುಗಿಸಲೇಬೇಕು.

## ಹಂತ 6: ಒಲೆಗೆ ಜೋಡಣೆ

ಒಲೆಯ ಮೈ 300 ಡಿಗ್ರಿ ದಾಟುವುದಿದ್ದರೆ ನಡುವೆ ಅಲ್ಯೂಮಿನಿಯಂ ಪಟ್ಟಿಯ ದೂರ ಕೊಡಬಹುದು. 40 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ 60 ವ್ಯಾಟ್ ಹರಿದರೆ ಪ್ರತಿ 10 ಸೆಂಟಿಮೀಟರಿಗೆ ಸುಮಾರು 75 ಡಿಗ್ರಿ ಇಳಿಯುತ್ತದೆ. ಪಟ್ಟಿಯ ತುದಿಯನ್ನು ಜ್ವಾಲೆಗೆ ಚಾಚಬೇಡಿ, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಸತು ಬಳಿದ ಜಿಐ ತಗಡನ್ನೂ ಬೆಂಕಿಗೆ ಹಿಡಿಯಬೇಡಿ, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.

ಆದರೆ ಈ ಇಳಿತ ಶಾಖ ಹರಿಯುತ್ತಿರುವಾಗ ಮಾತ್ರ. ಫ್ಯಾನ್ ನಿಂತಿತು ಎನ್ನಿ: ಹರಿವು ಕುಗ್ಗುತ್ತದೆ, ಪಟ್ಟಿಯ ಎರಡೂ ತುದಿ ಸಮನಾಗತೊಡಗುತ್ತವೆ, 225 ಡಿಗ್ರಿಯಲ್ಲಿದ್ದ ಮಾಡ್ಯೂಲ್ 300ರ ಕಡೆಗೆ ಏರುತ್ತದೆ, ಅದರ ಹಿಂದೆಯೇ ಹೀಟ್ ಪೈಪೂ. ಹೀಗಾಗಿ ನನ್ನ ಪ್ರಕಾರ ಒಂದು ನಿಯಮ ಬಿಡಲೇಬಾರದು: ಇಡೀ ಜೋಡಣೆ ಒಲೆಯಿಂದ ಎತ್ತಿ ತೆಗೆಯುವಂತಿರಬೇಕು. ಗೋಡೆಗೆ ಗಾರೆ ಹಾಕಿ ಕೂರಿಸಬೇಡಿ. ಕೊಕ್ಕೆಗೆ ನೇತುಹಾಕಿ, ಸ್ಪ್ರಿಂಗಿನಿಂದ ಒತ್ತಿಸಿ, ಮರದ ಹಿಡಿಯಿಡಿ. ಫ್ಯಾನ್ ನಿಂತರೆ ಮಕ್ಕಳೂ ಎತ್ತಿ ಪಕ್ಕಕ್ಕಿಡುವಂತಿದ್ದರೆ ಸರಿ.

ರೆಕ್ಕೆಗಳಿಗೆ ಒಲೆಯ ಬಿಸಿಗಾಳಿ ತಾಗದಂತೆ ನಡುವೆ ತಗಡಿನ ಮರೆ ಕೊಡಿ. ಹಂಡೆಯಿಂದ ಉಕ್ಕಿದ ನೀರು ಮಾಡ್ಯೂಲಿನ ತಂತಿಗೆ ತಾಗಬಾರದು.

## ಹಂತ 7: ಫ್ಯಾನಿಗೆ ಮೊದಲ ಪಾಲು

ಮಾಡ್ಯೂಲಿಗೆ ನೇರವಾಗಿ ಮೊಬೈಲ್ ಚುಚ್ಚುವುದು ಮತ್ತೊಂದು ಸರ್ವೇಸಾಮಾನ್ಯ ತಪ್ಪು. ಮೊಬೈಲ್ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಫ್ಯಾನ್ ನಿಲ್ಲುತ್ತದೆ, ತಂಪು ಮೈ ಕಾಯುತ್ತದೆ, ವೋಲ್ಟೇಜ್ ಇನ್ನೂ ಕುಸಿಯುತ್ತದೆ.

ನಡುವೆ ಒಂದು 18650 ಲಿಥಿಯಂ ಸೆಲ್ ಇಡಿ. ಮಾಡ್ಯೂಲಿನಿಂದ ಬಕ್-ಬೂಸ್ಟ್ ಪರಿವರ್ತಕ (ವೋಲ್ಟೇಜನ್ನು ಬೇಕಾದಂತೆ ಏರಿಸುವ ಅಥವಾ ಇಳಿಸುವ ಬೋರ್ಡು), ಅದರಿಂದ 5 ವೋಲ್ಟ್, ಅಲ್ಲಿಂದ ಟಿಪಿ4056 ಚಾರ್ಜಿಂಗ್ ಬೋರ್ಡು, ಅದರಿಂದ ಸೆಲ್. ಫ್ಯಾನ್, ಬಲ್ಬು, ಮೊಬೈಲ್ ಎಲ್ಲವೂ ಸೆಲ್‌ನಿಂದ ವೋಲ್ಟೇಜ್ ಏರಿಸುವ 5 ವೋಲ್ಟಿನ ಇನ್ನೊಂದು ಬೂಸ್ಟ್ ಬೋರ್ಡಿನ ಮೂಲಕ. ಸೆಲ್‌ಗೆ ರಕ್ಷಣಾ ಸರ್ಕ್ಯೂಟ್ ಇರುವ ಬೋರ್ಡನ್ನೇ ಕೊಳ್ಳಿ, ಸೆಲ್‌ ಒಲೆಯಿಂದ ದೂರ ಇರಲಿ.

ಟಿಪಿ4056 ಬೋರ್ಡು ಅಂಗಡಿಯಿಂದ ಬರುವಾಗ 1 ಆಂಪ್ ಎಳೆಯುವಂತೆ ಹೊಂದಿಸಿರುತ್ತದೆ, ನಮ್ಮ 2 ವ್ಯಾಟಿಗೆ ಅದು ಅತಿ. ಬೋರ್ಡಿನ ಮೇಲಿನ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 4 ಕಿಲೋಓಮ್ ಹಾಕಿದರೆ 300 ಮಿಲಿಆಂಪಿಗೆ ಇಳಿಯುತ್ತದೆ. ಸರಿಯಾಗಿದೆಯೇ ಎಂದು ನೋಡುವುದು ಸುಲಭ: ಚಾರ್ಜ್ ಆಗುತ್ತಿರುವಾಗ ಮಾಡ್ಯೂಲಿನ ವೋಲ್ಟೇಜ್, ತೆರೆದಿಟ್ಟಾಗಿನ ವೋಲ್ಟೇಜಿನ ಸುಮಾರು ಅರ್ಧ ಇರಬೇಕು. ಅರ್ಧಕ್ಕಿಂತ ತೀರ ಕೆಳಗಿದ್ದರೆ ಹೆಚ್ಚು ಎಳೆಯುತ್ತಿದ್ದೀರಿ, ರೆಸಿಸ್ಟರ್ ಇನ್ನೂ ದೊಡ್ಡದು ಹಾಕಿ.

ಅಗ್ಗದ ಯುಎಸ್‌ಬಿ ಬೂಸ್ಟ್ ಬೋರ್ಡುಗಳ ಒಳಬರುವ ಮಿತಿ 5 ವೋಲ್ಟ್. ಸೆಲ್ ತುಂಬಿ ಹೊರೆ ಇಳಿದಾಗ ಮಾಡ್ಯೂಲ್ 6-7 ವೋಲ್ಟಿಗೆ ಜಿಗಿದು ಅದನ್ನು ಸುಡುತ್ತದೆ. ಎರಡು ಮಾಡ್ಯೂಲನ್ನು ಸರಣಿಯಲ್ಲಿ ಜೋಡಿಸುವವರು 15 ವೋಲ್ಟಾದರೂ ತಡೆಯುವ ಪರಿವರ್ತಕ ಕೊಳ್ಳಬೇಕು. ಎರಡೂ ಮಾಡ್ಯೂಲಿಗೆ ಒಂದೇ ಬಿಸಿ ಸಿಗುವಂತಿರಬೇಕು, ಒಂದು ಸೊರಗಿದರೆ ಅದೇ ಇನ್ನೊಂದಕ್ಕೆ ಹೊರೆ.

## ನೋಡಿಕೊಳ್ಳಬೇಕಾದ ಸೂಚನೆಗಳು

ರೆಕ್ಕೆಗಳು ತಣ್ಣಗಿವೆ, ಬುಡ ಸುಡುತ್ತಿದೆ: ಪೈಪು ಬತ್ತಿದೆ ಅಥವಾ ಸತ್ತಿದೆ. ಕೂಡಲೇ ಒಲೆಯಿಂದ ತೆಗೆಯಿರಿ. ಆರಿದ ಮೇಲೆ ಮತ್ತೆ ಸರಿಯಾದರೆ ಹೊರೆ ಹೆಚ್ಚಾಗಿತ್ತು. ಆಗದಿದ್ದರೆ ಹಂತ 2ರ ಪರೀಕ್ಷೆ ಮತ್ತೊಮ್ಮೆ.

ರೆಕ್ಕೆ, ಬುಡ ಎರಡೂ ಸುಡುತ್ತಿವೆ: ಪೈಪು ಚೆನ್ನಾಗಿದೆ, ಗಾಳಿ ಸಾಲದು. ಬಚ್ಚಲಿನ ಬೂದಿ, ಮಸಿ, ಜೇಡರಬಲೆ ರೆಕ್ಕೆಗಳ ನಡುವೆ ಕಟ್ಟಿಕೊಂಡಿರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ.

ಅಂತರ ಮೊದಲಿನಷ್ಟೇ ಇದ್ದು ವಿದ್ಯುತ್ ಮಾತ್ರ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದೆ: ತೆರೆದ ವೋಲ್ಟೇಜೂ ಇಳಿದಿದ್ದರೆ ಬೋಲ್ಟು ಸಡಿಲ ಅಥವಾ ಗ್ರೀಸ್ ಒಣಗಿದೆ. ತೆರೆದ ವೋಲ್ಟೇಜ್ ಸರಿಯಿದ್ದರೆ ಒಳರೋಧ ಅಳೆದು, ಪೆನ್ನಿನಲ್ಲಿ ಬರೆದ ಅಂಕಿಯ ಜೊತೆ ಹೋಲಿಸಿ.

ಮಾಡ್ಯೂಲಿನ ಅಂಚಿನಿಂದ ಬೆಳ್ಳನೆ ಲೋಹದ ಮಣಿ ಹೊರಬಂದಿದೆ: ಒಳಬೆಸುಗೆ ಕರಗಿದೆ. ಅದಕ್ಕೆ ರಿಪೇರಿ ಇಲ್ಲ. ಒಡೆದು ನೋಡಬೇಡಿ, ಒಲೆಗೆ ಎಸೆಯಬೇಡಿ. ಒಳಗಿರುವುದು ಬಿಸ್ಮತ್ ಮತ್ತು ಟೆಲುರಿಯಂ, ಇ-ತ್ಯಾಜ್ಯಕ್ಕೆ ಕೊಡಿ.

ಸ್ನಾನ ಮುಗಿಯಿತೆಂದು ಫ್ಯಾನ್ ಆರಿಸಿಬಿಡುವುದೂ ಒಂದು ತಪ್ಪು. ಬೆಂಕಿ ನಂದಿದ ಮೇಲೂ ಕೆಂಡ, ಕಲ್ಲು, ಕಬ್ಬಿಣದ ಬಿಸಿ ಬಹಳ ಹೊತ್ತು ಇರುತ್ತದೆ. ಒಂದೋ ಜೋಡಣೆಯನ್ನು ಕೊಕ್ಕೆಯಿಂದ ತೆಗೆದಿಡಿ, ಇಲ್ಲವೇ ಹಲಗೆಯ ಥರ್ಮೋಕಪಲ್ 80 ಡಿಗ್ರಿಗೆ ಇಳಿಯುವವರೆಗೆ ಫ್ಯಾನ್ ತಿರುಗುತ್ತಿರಲಿ.